ಇಟ್ ಎಂಬ ಸ್ಟೆಪ್ನಿ: ದಾವಣಗೆರೆಯ ಒಂದು ಇಂಗ್ಲಿಷ್ ಕ್ಲಾಸಿನಲ್ಲಿ ಎರಡು ತಿಂಗಳು

ಕ್ಲಾಸಿನ ಹೆಸರು ಬರೆಯುವುದಿಲ್ಲ. ಇದರಲ್ಲಿ ಹೊಗಳಿದ್ದೂ ಇದೆ, ಬೈದದ್ದೂ ಇದೆ. ಬೈದದ್ದನ್ನು ಓದಿ ಯಾರಾದರೂ ಹೋಗಿ ಪಾಪ ಆ ಮೇಷ್ಟ್ರ ಹತ್ತಿರ ಕೇಳಿದರೆ ನನಗೇ ಮುಜುಗರ. ದಾವಣಗೆರೆಯ ಯಾವ ಬಡಾವಣೆಗೆ ಹೋದರೂ ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಸ್ಪೋಕನ್ ಇಂಗ್ಲಿಷ್ ಬೋರ್ಡ್ ಇರುತ್ತದಲ್ವಾ, ಅಂಥದ್ದರಲ್ಲೊಂದು ಅಂದುಕೊಳ್ಳಿ. ಸಂಜೆ ಆರೂವರೆಯಿಂದ ಏಳೂವರೆ, ವಾರಕ್ಕೆ ಐದು ದಿನ, ಎರಡು ತಿಂಗಳು. ಫೀಸು 4,500 ರೂಪಾಯಿ. ಮೂರು ದಿನ ಗ್ರಾಮರ್, ಎರಡು ದಿನ ಮಾತಾಡುವ ಕ್ಲಾಸ್. ಗ್ರಾಮರಿಗೆ ಒಬ್ಬರು, ಮಾತಿಗೆ ಇನ್ನೊಬ್ಬರು. ಇಬ್ಬರಿಗೂ ಅಜಗಜಾಂತರ.

ನಾನ್ಯಾಕೆ ಸೇರಿದೆ ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಎಪಿಎಂಸಿಯಲ್ಲಿ ಒಂದು ಮೆಕ್ಕೆಜೋಳದ ದಲಾಲಿ ಮಂಡಿಯಲ್ಲಿ ಗುಮಾಸ್ತ. ಲೆಕ್ಕ ನಮ್ಮ ಕೈಯಲ್ಲಿ ನೀರು ಕುಡಿದ ಹಾಗೆ. ಆದರೆ ನಮ್ಮ ಮಾಲು ಹೋಗುವುದು ಜಾಸ್ತಿ ತಮಿಳುನಾಡಿನ ಕೋಳಿ ಆಹಾರದವರಿಗೆ. ಅವರಿಗೆ ಕನ್ನಡ ಬರದು, ನಮಗೆ ತಮಿಳು ಬರದು, ನಡುವೆ ಇರುವುದು ಇಂಗ್ಲಿಷ್ ಮೇಲ್. ಸುಗ್ಗಿ ಕಾಲದಲ್ಲಿ ಮಳೆ ಬಂದರೆ ಕಣದಲ್ಲಿ ಜೋಳ ನೆನೆಯುತ್ತದೆ, ಮಾಯಿಶ್ಚರ್, ಅಂದರೆ ತೇವಾಂಶ, 14 ಪರ್ಸೆಂಟ್ ದಾಟುತ್ತದೆ, ಲೋಡಿಂಗ್ ಒಂದೆರಡು ದಿನ ಮುಂದಕ್ಕೆ ಹೋಗುತ್ತದೆ. ಅದನ್ನೆಲ್ಲ ಬರೆದು ತಿಳಿಸಬೇಕು. ಫೋನಲ್ಲಿ ಹೇಳಿದರೆ ಆಮೇಲೆ ತಕರಾರು ಬರುತ್ತದೆ ಅಂತ ಸಾಹುಕಾರ್ರು ಬರವಣಿಗೆಯಲ್ಲೇ ಇರಲಿ ಅನ್ನುತ್ತಾರೆ.

ಒಂದು ಸೋಮವಾರ ಅಮಾವಾಸ್ಯೆ. ಅವತ್ತು ನಮ್ಮ ಮಂಡಿಯಲ್ಲಿ ತೂಕ ಇಲ್ಲ. ಸಂಜೆ ಕುಳಿತು ಮೇಲ್ ಹಾಕಿದೆ: ‘ಸಿನ್ಸ್ ಅಮಾವಾಸ್ಯೆ, ನೋ ಲೋಡಿಂಗ್.’ ಅಮಾವಾಸ್ಯೆ ಅಂತ ಇವತ್ತು ಲೋಡ್ ಮಾಡಲಿಲ್ಲ, ನಾಳೆ ಮಾಡುತ್ತೇವೆ ಅಂತ ನನ್ನ ಅರ್ಥ. ಮಾಲು ಕೊಳ್ಳುವ ಆ ತಮಿಳಿನವನು ಮೇಲ್ ತೆಗೆದು ನೋಡಿದ್ದು ಬುಧವಾರ. ಓದಿದ್ದು ಹೇಗೆ ಗೊತ್ತಾ? ಅಮಾವಾಸ್ಯೆಯಿಂದ ಇಲ್ಲಿಯವರೆಗೂ ಲೋಡಿಂಗೇ ನಡೆದಿಲ್ಲ ಅಂತ! ದಾವಣಗೆರೆಯಲ್ಲಿ ಏನೋ ಗಲಾಟೆ ಆಗಿರಬೇಕು ಅಂದುಕೊಂಡು ಬೇರೆ ಕಡೆಯಿಂದ ಒಂದು ಲೋಡ್ ತರಿಸಿಬಿಟ್ಟ. ನಮ್ಮ ಲಾರಿ ಮಂಗಳವಾರವೇ ಹೊರಟಿತ್ತು. ಅದನ್ನು ಅಲ್ಲಿ ಇಳಿಸಿಕೊಳ್ಳಲು ಎರಡು ದಿನ ನಿಲ್ಲಿಸಿದರು, ಲಾರಿಯವನ ಕಾಯುವ ಬಾಡಿಗೆ ನಮ್ಮ ಖಾತೆಗೆ ಬಿತ್ತು. (ಫೋನಲ್ಲಿ ಆತ ಇನ್ನೊಂದು ಮಾತು ಸೇರಿಸಿದ: ಅಮಾವಾಸ್ಯೆ ನಮ್ಮ ಕಡೆ ಒಳ್ಳೇ ದಿನ, ನೀವ್ಯಾಕೆ ಕೆಲಸ ನಿಲ್ಲಿಸ್ತೀರಿ? ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.) ಸಾಹುಕಾರ್ರು ಬೈಯಲಿಲ್ಲ. ‘ಏನಪ್ಪಾ, ಪಿಯುಸಿವರೆಗೂ ಇಂಗ್ಲಿಷ್ ಓದೀಯಲ್ಲ’ ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಹಾಗೆ ಸೇರಿದ್ದು.

ಗ್ರಾಮರ್ ಮೇಷ್ಟ್ರು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಬಿಳಿ ಅಂಗಿ, ಜೇಬಲ್ಲಿ ಎರಡು ಪೆನ್ನು, ಕೈಗೆಲ್ಲ ಸೀಮೆಸುಣ್ಣ. ವೈಟ್ ಬೋರ್ಡ್ ಇದ್ದರೂ ಅದನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ತಾವೇ ತಂದಿಟ್ಟುಕೊಂಡ ಕರೀ ಹಲಗೆ. ಮೊದಲ ಎರಡು ವಾರ ಟೆನ್ಸ್, ಆರ್ಟಿಕಲ್, ಅದೆಲ್ಲ ಎಲ್ಲ ಕಡೆ ಹೇಳುವುದೇ. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಮೂರನೇ ವಾರ ಒಂದು ದಿನ ಬಂದವರೇ ಹಲಗೆ ಮೇಲೆ ಬರೆದರು: ‘ಬಿಕಾಸ್ ಸಂಡೇ, ದಿ ಶಾಪ್ ಈಸ್ ಕ್ಲೋಸ್ಡ್.’ ಏನು ತಪ್ಪಿದೆ ಹೇಳಿ ಅಂದರು. ಹರಿಹರದಿಂದ ಬಸ್ಸಲ್ಲಿ ಬರುವ ಒಬ್ಬ ನರ್ಸ್ ಅಕ್ಕ ಇದ್ದರು, ಅವರು ‘ಸ್ಪೆಲಿಂಗ್ ಎಲ್ಲಾ ಸರಿ ಇದೆ ಸಾರ್’ ಅಂದರು. ನನಗೂ ತಪ್ಪು ಕಾಣಲಿಲ್ಲ. ಭಾನುವಾರ ಅಂತ ಅಂಗಡಿ ಮುಚ್ಚಿದೆ, ಇನ್ನೇನು?

ಮೇಷ್ಟ್ರು ಹಲಗೆ ಮೇಲೆ ಒಂದು ಟ್ರ್ಯಾಕ್ಟರ್ ಬರೆದರು. ಚಿತ್ರ ಚೆನ್ನಾಗೇನೂ ಇರಲಿಲ್ಲ, ಎಮ್ಮೆಯ ಹಾಗೆ ಕಾಣುತ್ತಿತ್ತು. ಆದರೆ ಆ ಚಿತ್ರ ಈಗಲೂ ಮೇಲ್ ಬರೆಯುವಾಗ ಕಣ್ಣೆದುರು ಬರುತ್ತದೆ. ‘ದಿ ಶಾಪ್ ಈಸ್ ಕ್ಲೋಸ್ಡ್ ಅನ್ನೋದು ಇಂಜಿನ್. ತಾನೇ ಓಡುತ್ತೆ. ಬಿಕಾಸ್, ದೋ (though), ಇಫ್, ವೆನ್, ವೈಲ್ ಇವೆಲ್ಲ ಕೊಂಡಿ. ಕೊಂಡಿಗೆ ಸಿಗಿಸೋದು ಟ್ರೇಲರ್. ನೀವೇನು ಮಾಡ್ತೀರಿ? ಟ್ರೇಲರ್ ಬಿಟ್ಟು ಕೊಂಡಿಗೆ ಸೀದಾ ಮೂಟೆ ಕಟ್ಟಿ ಎಳೀತೀರಿ. ಮೂಟೆ ರಸ್ತೆಗೆ ಉಜ್ಜಿಕೊಂಡು ಬರುತ್ತೆ, ಹರಿದು ಕಾಳೆಲ್ಲ ಚೆಲ್ಲುತ್ತೆ.’ ಸಂಡೇ ಅನ್ನುವ ನಾಮಪದ ಆ ಮೂಟೆ. ಅದನ್ನು ಟ್ರೇಲರಿಗೆ ಹಾಕಬೇಕು. ಟ್ರೇಲರಿಗೆ ಎರಡು ಗಾಲಿ. ಒಂದು ಕರ್ತೃ, ಒಂದು ಕ್ರಿಯಾಪದ.

ಕ್ರಿಯಾಪದ ಸಿಕ್ಕಿತು, ಈಸ್. ಕರ್ತೃ ಯಾರು? ಭಾನುವಾರ ಆಗಿರುವುದು ಯಾರು? ಯಾರೂ ಇಲ್ಲ. ಆದರೆ ಒಂಟಿ ಗಾಲಿಯಲ್ಲಿ ಟ್ರೇಲರ್ ಓಡುವುದಿಲ್ಲ. ಅದಕ್ಕೆ ಇಂಗ್ಲಿಷಿನವರು ಒಂದು ಸ್ಟೆಪ್ನಿ ಇಟ್ಟುಕೊಂಡಿದ್ದಾರೆ, ಅದರ ಹೆಸರು ಇಟ್. ‘ಬಿಕಾಸ್ ಇಟ್ ಈಸ್ ಸಂಡೇ, ದಿ ಶಾಪ್ ಈಸ್ ಕ್ಲೋಸ್ಡ್.’ ಬ್ಯಾಂಕ್ ಪರೀಕ್ಷೆಗೆ ಓದುವ ಒಬ್ಬ ಹುಡುಗ ‘ಇಟ್ ಅಂದ್ರೆ ಯಾವುದು ಸಾರ್, ಅಂಗಡಿನಾ?’ ಅಂದ. ‘ಯಾವುದೂ ಅಲ್ಲಪ್ಪಾ. ಅದಕ್ಕೆ ಅರ್ಥ ಕೇಳಬೇಡ. ಗಾಲಿ ತಿರುಗುತ್ತೋ ಇಲ್ವೋ ಅಷ್ಟೇ ನೋಡು.’

ಇಷ್ಟು ಯಾರಾದರೂ ಹೇಳಬಹುದು. ಮುಂದಿನದನ್ನು ಹೇಳಲು ಕನ್ನಡವೂ ಚೆನ್ನಾಗಿ ಬರಬೇಕು.

ಮೇಷ್ಟ್ರು ಪಕ್ಕದಲ್ಲಿ ಕನ್ನಡದಲ್ಲಿ ‘ಭಾನುವಾರವಾದ್ದರಿಂದ’ ಅಂತ ಬರೆದು, ಭಾನುವಾರ ಒಂದು ಕಡೆ, ಆದ್ದರಿಂದ ಒಂದು ಕಡೆ ಬಿಡಿಸಿ, ‘ಆದ’ ಅನ್ನುವುದರ ಕೆಳಗೆ ಗೆರೆ ಎಳೆದರು. ‘ಇದೇನಿದು?’ ಆಗು ಅನ್ನುವ ಕ್ರಿಯಾಪದ! ಭಾನುವಾರವಾದರೆ, ಭಾನುವಾರವಾದರೂ, ಭಾನುವಾರವಾದ್ದರಿಂದ. ನಾವು ಕೂಡ ಬರೀ ಮೂಟೆ ಎಳೆಯುವುದಿಲ್ಲ ನೋಡ್ರಿ ಅಂದರು. ನಾಮಪದದ ಬಾಲಕ್ಕೆ ಒಂದು ಕ್ರಿಯಾಪದ ಸೇರಿಸಿಯೇ ಮುಂದಕ್ಕೆ ಹೋಗುತ್ತೇವೆ, ಆದರೆ ಅದು ಬಾಲದಲ್ಲಿ ಅಂಟಿಕೊಂಡಿರುವುದರಿಂದ ನಮಗೇ ಕಾಣುವುದಿಲ್ಲ. ನಮ್ಮದು ಒಂದೇ ಗಾಲಿಯ ತಳ್ಳುಗಾಡಿ, ಕರ್ತೃ ಬೇಡ. ಅವರದ್ದು ಎರಡು ಗಾಲಿ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ನಾವು ಭಾನುವಾರವನ್ನು ಎತ್ತಿಕೊಂಡು ಹೋಗುತ್ತೇವೆ, ‘ಆದ’ವನ್ನು ಇಲ್ಲೇ ಬಿಟ್ಟು ಹೋಗುತ್ತೇವೆ. ‘ಇಟ್ ಈಸ್’ ಹೊಸದಾಗಿ ಕಲಿಯಬೇಕಾದದ್ದಲ್ಲ, ಆ ಬಿಟ್ಟುಹೋದ ‘ಆದ’ವನ್ನು ಮರೆಯದೆ ಕಟ್ಟಿಕೊಂಡು ಹೋದರೆ ಸಾಕು. ಸ್ಟೆಪ್ನಿ ಅದರ ಜೊತೆ ಬರುತ್ತದೆ.

ಹದಿನೆಂಟು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಇದನ್ನು ಹೀಗೆ ಒಬ್ಬರು ಹೇಳಿದ್ದರೆ ನಾನು ಏನೇನೋ ಆಗುತ್ತಿದ್ದೆ ಅಂತ ಹೇಳುವುದಿಲ್ಲ, ಗುಮಾಸ್ತನೇ ಆಗುತ್ತಿದ್ದೆ. ಆ ಲಾರಿ ಬಾಡಿಗೆ ಮಾತ್ರ ಉಳಿಯುತ್ತಿತ್ತು.

ಅವತ್ತು ನಾನೇ ಎದ್ದು ನಿಂತು ಅಮಾವಾಸ್ಯೆಯ ಕಥೆ ಹೇಳಿದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗದೆ ಹಲಗೆ ಒರೆಸಿ ಎರಡು ಸಾಲು ಬರೆದರು. ‘ಸಿನ್ಸ್ ಮಂಡೇ’ ಅಂದರೆ ಸೋಮವಾರದಿಂದ. ‘ಸಿನ್ಸ್ ಇಟ್ ಈಸ್ ಮಂಡೇ’ ಅಂದರೆ ಸೋಮವಾರವಾದ್ದರಿಂದ. ಕನ್ನಡದಲ್ಲೂ ನೋಡಿ, ‘ಇಂದ’ ಎರಡರಲ್ಲೂ ಇದೆ, ವ್ಯತ್ಯಾಸ ‘ಆದ’ದಲ್ಲಿದೆ. ಬಿಕಾಸ್, ದೋ, ಇಫ್ ಇವು ಬರೀ ಕೊಂಡಿಗಳು, ಅವುಗಳ ಮುಂದೆ ಬರೀ ನಾಮಪದ ಬಂದರೆ ಕೇಳಿದವನಿಗೆ ತಪ್ಪು ಅಂತ ಗೊತ್ತಾಗುತ್ತದೆ, ಪಾಪ ಅವನೇ ಸರಿ ಮಾಡಿಕೊಳ್ಳುತ್ತಾನೆ. ಸಿನ್ಸ್, ಆಫ್ಟರ್, ಬಿಫೋರ್, ಅಂಟಿಲ್ ಇವು ಹಾಗಲ್ಲ. ಇವು ಕೊಂಡಿಯೂ ಹೌದು, ಕೈಚೀಲವೂ ಹೌದು. ಕೈಚೀಲಕ್ಕೆ ಗಾಲಿ ಬೇಡ, ನಾಮಪದ ಒಳಗೆ ಹಾಕಿಕೊಂಡು ಹೋದರಾಯಿತು. ‘ಆಫ್ಟರ್ ಲಂಚ್’, ‘ಅಂಟಿಲ್ ಫ್ರೈಡೇ’ ಎಲ್ಲ ಸರಿ. ಸಿನ್ಸ್ ಮಾತ್ರ ಮೋಸಗಾರ, ಯಾಕೆಂದರೆ ಕೊಂಡಿಯಾದಾಗ ಅದಕ್ಕೆ ಕಾರಣದ ಅರ್ಥವೂ ಉಂಟು, ಕೈಚೀಲವಾದಾಗ ಬರೀ ಕಾಲದ ಅರ್ಥ. ನಾನು ಹೇಳಹೊರಟದ್ದು ಕಾರಣ, ಗಾಲಿ ಬಿಟ್ಟದ್ದಕ್ಕೆ ಅದು ಕಾಲವಾಗಿ ಹೋಯಿತು. ತಪ್ಪು ಅಂತಲೂ ಕಾಣದೆ ಬೇರೆ ಅರ್ಥದಲ್ಲಿ ಸರಿಯಾಗಿ ಕೂತುಬಿಟ್ಟಿತು. ಅದಕ್ಕೇ ಆ ತಮಿಳಿನವನು ತಿರುಗಿ ಕೇಳಲಿಲ್ಲ.

ಅಲ್ಲಿಂದ ಮುಂದೆ ಇದೇ ವಿಷಯ ನಾಲ್ಕು ಕ್ಲಾಸ್ ನಡೆಯಿತು, ಒಂದೂ ಬೇಜಾರಾಗಲಿಲ್ಲ.

ಬಿಕಾಸ್ ಕೊಂಡಿ, ಬಿಕಾಸ್ ಆಫ್ ಕೈಚೀಲ. ದೋ, ಆಲ್‌ದೋ ಕೊಂಡಿ, ಡಿಸ್ಪೈಟ್ ಕೈಚೀಲ. ವೈಲ್ ಕೊಂಡಿ, ಡ್ಯೂರಿಂಗ್ ಕೈಚೀಲ. ಅಂದರೆ ‘ಬಿಕಾಸ್ ರೇನ್’ ಅಂತ ಬರೆದವನಿಗೆ ಎರಡು ದಾರಿ. ಒಂದು, ‘ಬಿಕಾಸ್ ಆಫ್ ರೇನ್’. ಇಲ್ಲ, ‘ಬಿಕಾಸ್ ಇಟ್ ವಾಸ್ ರೇನಿಂಗ್’. ನಮ್ಮಲ್ಲಿ ಮೇಲ್ ಬರೆಯುವವರಿಗೆ ಒಂದು ಚಟ ಇದೆ, ‘ಡಿಸ್ಪೈಟ್ ಆಫ್’ ಅಂತ ಬರೆಯುವುದು. ಅದು ಇಲ್ಲ. ‘ಇನ್ ಸ್ಪೈಟ್ ಆಫ್’ ಉಂಟು, ‘ಡಿಸ್ಪೈಟ್’ ಉಂಟು, ಎರಡನ್ನೂ ಕಲಸಬಾರದು. ಇದನ್ನು ಬರೆಯುವಾಗ ನನ್ನ ಹಳೇ ಮೇಲ್‌ಗಳನ್ನು ತೆಗೆದು ನೋಡಿದೆ, ಎಣಿಸುವುದು ಬಿಟ್ಟೆ.

ಇನ್ನೊಂದು ದಿನ ‘ದೋ ಸಂಡೇ, ವಿ ಆರ್ ಓಪನ್’ ಅಂತ ನಾನು ಬರೆದು ತೋರಿಸಿದೆ. ಕೆಲವು ಕಡೆ ಕರ್ತೃ, ಕ್ರಿಯಾಪದ ಎರಡನ್ನೂ ಬಿಟ್ಟು ಬರೆದದ್ದನ್ನು ನೋಡಿದ್ದೆ. ‘ದೋ ಎ ಸ್ಮಾಲ್ ಶಾಪ್, ಇಟ್ ಹ್ಯಾಸ್ ಎವ್ರಿಥಿಂಗ್’ ಅಂತ. ಅದು ಸರಿಯಾದರೆ ಇದ್ಯಾಕೆ ತಪ್ಪು? ಮೇಷ್ಟ್ರು ಖುಷಿಯಾದರು, ‘ಇದು ಪ್ರಶ್ನೆ ಅಂದ್ರೆ’ ಅಂದರು. ಹಾಗೆ ಬಿಡಬಹುದು, ಆದರೆ ಬಿಟ್ಟ ಕರ್ತೃ ಯಾರು ಅಂತ ಓದುವವನು ಇಂಜಿನ್ ಕಡೆ ತಿರುಗಿ ನೋಡುತ್ತಾನೆ. ಅಲ್ಲಿರುವ ‘ಇಟ್’ ಸ್ಟೆಪ್ನಿ ಅಲ್ಲ, ಅಂಗಡಿಯೇ, ಸಣ್ಣ ಅಂಗಡಿ ಯಾವುದು, ಅದೇ ಅಂಗಡಿ, ಹೊಂದಿತು. ನನ್ನ ಸಾಲಿನಲ್ಲಿ ಇಂಜಿನಲ್ಲಿ ಕೂತಿರುವುದು ‘ವಿ’. ಅಂದರೆ ನಾವೇ ಭಾನುವಾರ! ‘ನೀವು ಭಾನುವಾರ ಆಗಿದ್ದರೂ ಬಾಗಿಲು ತೆಗೆದಿದ್ದೀರಿ ಅಂತಾಯ್ತು’ ಅಂದಾಗ ನರ್ಸ್ ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಆಮೇಲೆ ಕೋರ್ಸ್ ಮುಗಿಯುವವರೆಗೂ ನನ್ನನ್ನು ‘ಬನ್ನಿ ಭಾನುವಾರ’ ಅಂತಲೇ ಕರೆಯುತ್ತಿದ್ದರು. ಹಾಗೆ ಹೊಂದದಿದ್ದ ಕಡೆ ಸ್ಟೆಪ್ನಿ ಹಾಕಲೇಬೇಕು, ‘ದೋ ಇಟ್ ಈಸ್ ಸಂಡೇ, ವಿ ಆರ್ ಓಪನ್’. ಗುಣವಾಚಕದಲ್ಲಿ ಕೆಲವು ರೂಢಿಯ ಮಾತುಗಳು ಇವೆ, ‘ಇಫ್ ಪಾಸಿಬಲ್’, ‘ಇಫ್ ನೆಸೆಸರಿ’. ಅಲ್ಲಿ ‘ಇಟ್ ಈಸ್’ ನುಂಗಿಹೋಗಿದೆ, ಯಾರೂ ತಪ್ಪು ತಿಳಿಯುವುದಿಲ್ಲ. ಅದನ್ನು ನೋಡಿ ‘ಇಫ್ ಹಾಲಿಡೇ’ ಅಂತ ಹೊರಡಬಾರದು. ‘ಇಫ್ ಇಟ್ ಈಸ್ ಎ ಹಾಲಿಡೇ’ ಅನ್ನಬೇಕು, ನಡುವಿನ ಆ ‘ಎ’ ಕೂಡ ಬಿಡಬಾರದು. ಸಂಡೇಗೆ ಅದು ಬೇಡ, ಹಾಲಿಡೇಗೆ ಬೇಕು.

ನನಗೆ ತುಂಬಾ ದಿನ ತಲೆ ತಿಂದದ್ದು ಇಟ್ ಎಲ್ಲಿ, ದೇರ್ ಎಲ್ಲಿ ಅನ್ನುವುದು. ಮೇಷ್ಟ್ರು ಒಂದು ಉಪಾಯ ಹೇಳಿದರು. ಕನ್ನಡದಲ್ಲಿ ಹೇಳಿ ನೋಡು, ‘ಆಗು’ ಬಂದರೆ ಇಟ್, ‘ಇರು’ ಬಂದರೆ ದೇರ್. ಹಬ್ಬವಾದ್ದರಿಂದ, ‘ಬಿಕಾಸ್ ಇಟ್ ವಾಸ್ ಎ ಫೆಸ್ಟಿವಲ್’. ಊರಲ್ಲಿ ಹಬ್ಬ ಇದ್ದದ್ದರಿಂದ, ‘ಬಿಕಾಸ್ ದೇರ್ ವಾಸ್ ಎ ಫೆಸ್ಟಿವಲ್’. ನಾನು ಮನೆಗೆ ಹೋಗಿ ರಾತ್ರಿಯೆಲ್ಲ ಇದನ್ನೇ ಮಂಡಿಯ ಮಾತುಗಳಿಗೆ ಹಾಕಿ ನೋಡಿದೆ. ಸ್ಟಾಕ್ ಇದ್ದರೆ, ದೇರ್. ಹಳೇ ಸ್ಟಾಕ್ ಆದರೆ, ಇಟ್. ಹಮಾಲರು ಇಲ್ಲದಿದ್ದರೆ, ದೇರ್. ಎಲ್ಲ ಸರಿ ಬಂತು. ಬಿಸಿಲಿನ ಹತ್ತಿರ ಬಂದಾಗ ಕೈಕೊಟ್ಟಿತು. ‘ಬಿಸಿಲು ಇದ್ದರೂ’ ಅನ್ನುತ್ತೇವೆ, ‘ಇರು’ ಇದೆ, ಆದರೆ ಇಂಗ್ಲಿಷಲ್ಲಿ ‘ದೋ ಇಟ್ ವಾಸ್ ಸನ್ನಿ’. ದೂರಕ್ಕೂ ಹಾಗೇ, ‘ಹರಿಹರ ದೂರ ಇದ್ದರೆ’ ಅಂದರೂ ಅವರು ‘ಇಫ್ ಇಟ್ ಈಸ್ ಫಾರ್’ ಅನ್ನುತ್ತಾರೆ. ಮರುದಿನ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹವಾಮಾನ, ಹೊತ್ತು, ದೂರ ಈ ಮೂರಕ್ಕೆ ನನ್ನ ಉಪಾಯ ನಡೆಯೋದಿಲ್ಲ, ಬರ್ಕೊಳ್ರಿ’ ಅಂತ ಎಲ್ಲರಿಗೂ ಹೇಳಿದರು. ತನ್ನ ಸೂತ್ರ ಮುರಿದದ್ದನ್ನು ವಿದ್ಯಾರ್ಥಿಯ ಎದುರು ಒಪ್ಪಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ? ಇದೊಂದಕ್ಕೇ ಅರ್ಧ ಸ್ಟಾರ್ ಕೊಡುತ್ತೇನೆ.

ದೇರ್ ಬಂದಾಗ ಮುಂದಿನ ನಾಮಪದ ನೋಡಿ ಈಸ್ ಅಥವಾ ಆರ್ ಹಾಕಬೇಕು, ‘ದೇರ್ ಆರ್ ಟೂ ಲಾರೀಸ್’. ಇಟ್ ಹಾಗಲ್ಲ, ಮುಂದೆ ನೂರು ಜನ ನಿಂತಿದ್ದರೂ ಈಸ್ ಬಿಟ್ಟು ಕದಲುವುದಿಲ್ಲ. ‘ನಮ್ಮದು ರೆಡಿ ಇದೆ, ಆದರೆ ತಡ ಮಾಡುತ್ತಿರುವುದು ಲಾರಿ ಡ್ರೈವರ್‌ಗಳೇ’ ಅನ್ನಬೇಕಾದರೆ, ‘ಬಟ್ ಇಟ್ ಈಸ್ ದಿ ಲಾರಿ ಡ್ರೈವರ್ಸ್ ಹೂ ಆರ್ ಲೇಟ್’. ಮೊದಲು ಈಸ್, ಆಮೇಲೆ ಆರ್, ಒಂದೇ ಸಾಲಲ್ಲಿ. ನಾವು ಒಂದು ‘ಏ’ ಹಚ್ಚಿ, ‘ಮಾಡುತ್ತಿರುವುದು’ ಅಂತ ಮುಂದಕ್ಕೆ ತಂದು ಮುಗಿಸುವ ಕೆಲಸಕ್ಕೆ ಅವರು ಇಷ್ಟೆಲ್ಲ ಸಾಮಾನು ಜೋಡಿಸುತ್ತಾರೆ. ಇಂಥ ಸೀಳಿದ ವಾಕ್ಯಕ್ಕೆ ‘ಕ್ಲೆಫ್ಟ್’ ಅಂತ ಹೆಸರಿಟ್ಟವರು ಯೆಸ್ಪರ್ಸನ್ ಅಂತ ಡೆನ್ಮಾರ್ಕಿನ ಪಂಡಿತರಂತೆ. ಇಂಗ್ಲಿಷಿನವರೇ ಅಲ್ಲ ನೋಡಿ. ಹೊರಗಿನವರಿಗೇ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೇನೋ.

ಒಂದು ದಿನ ಕರೆಂಟ್ ಹೋಯಿತು. ಯುಪಿಎಸ್ ಬರೀ ರಿಸೆಪ್ಶನ್ನಿಗೆ ಅಂತ, ನಮಗಿಲ್ಲ. ಕತ್ತಲಲ್ಲೇ ಮೇಷ್ಟ್ರು ‘ಮಿಥಿಂಕ್ಸ್’ ಅನ್ನುವ ಹಳೇ ಪದದ ಕಥೆ ಹೇಳಿದರು. ನೋಡಲು ‘ನಾನು ಯೋಚಿಸುತ್ತೇನೆ’ ಅನ್ನುವ ಹಾಗಿದೆ, ಆದರೆ ಮುಂದೆ ಇರುವುದು ‘ಐ’ ಅಲ್ಲ, ‘ಮಿ’. ಹಳೇ ಇಂಗ್ಲಿಷಲ್ಲಿ ತೋರು, ಅನಿಸು ಅನ್ನುವ ಅರ್ಥದ ಬೇರೊಂದು ಕ್ರಿಯಾಪದ ಇತ್ತು, ಅದರ ಉಳಿಕೆ ಇದು. ಅಂದರೆ ಸೀದಾ ‘ನನಗೆ ಅನಿಸುತ್ತದೆ’! ನನಗೆ ಹಸಿವು, ನನಗೆ ಚಳಿ, ನನಗೆ ಗೊತ್ತು ಅನ್ನುತ್ತೇವಲ್ಲ, ಅದೇ ಜಾಯಮಾನ. ಒಂದು ಕಾಲಕ್ಕೆ ಅವರೂ ಕರ್ತೃವಿಲ್ಲದೆ ಇಂಥ ಮಾತು ಆಡುತ್ತಿದ್ದರು, ಆಮೇಲೆ ಎಲ್ಲಕ್ಕೂ ಮುಂದೆ ಒಬ್ಬನನ್ನು ನಿಲ್ಲಿಸಲೇಬೇಕು ಅಂತಾಯಿತು. ಕತ್ತಲಲ್ಲಿ ಸೆಕೆಯಲ್ಲಿ ಕೂತು ಕೇಳಿದ ಆ ಹದಿನೈದು ನಿಮಿಷವೇ ನನಗೆ ಇಡೀ ಕೋರ್ಸಿನಲ್ಲಿ ಹೆಚ್ಚು ನೆನಪಿರುವುದು.

ಬ್ಯಾಂಕ್ ಹುಡುಗ ಸುಮ್ನೆ ಇರುವವನಲ್ಲ. ಮೊಬೈಲ್ ತೆಗೆದು, ‘ಸಾರ್, ಇಲ್ಲಿ ಎಲ್ಲರೂ ಬಿಕಾಸ್ ಆದಮೇಲೆ ಬರೀ ನಾಮಪದ ಹಾಕ್ತಾರೆ, ಬಿಕಾಸ್ ಸೈನ್ಸ್, ಬಿಕಾಸ್ ಕಾಫಿ ಅಂತ’ ಅಂದ. ನಿಜವಂತೆ. ಅಮೆರಿಕದ ಡಯಲೆಕ್ಟ್ ಸೊಸೈಟಿ 2013ರಲ್ಲಿ ವರ್ಷದ ಪದ ಅಂತ ಬಿಕಾಸ್ ಅನ್ನೇ ಆರಿಸಿತ್ತು, ಈ ಹೊಸ ಬಳಕೆಗೋಸ್ಕರವೇ. ನನಗೋ ಒಳಗೊಳಗೇ ಖುಷಿ, ನಾನು ಕಾಲಕ್ಕಿಂತ ಮುಂದಿದ್ದೆ ಅಂತ. ಮೇಷ್ಟ್ರು, ‘ಅದು ತಮಾಷೆಗೆ. ಮೂಟೆ ಉಜ್ಜಿಕೊಂಡು ಬರ್ಲಿ ಅಂತ ಬೇಕಂತಲೇ ಎಳೆಯೋದು. ಗೊತ್ತಿದ್ದು ಮಾಡಿದ್ರೆ ಚೆಂದ, ಗೊತ್ತಿಲ್ದೆ ಮಾಡಿದ್ರೆ ಲಾರಿ ಬಾಡಿಗೆ’ ಅಂತ ನನ್ನ ಕಡೆ ನೋಡಿದರು.

ಇನ್ನು ಬೈಗುಳ.

ಸೇರುವಾಗ ‘ಬ್ಯಾಚಿಗೆ 15 ಜನ ಮಾತ್ರ’ ಅಂದಿದ್ದರು. ಮೊದಲ ದಿನ ಎಣಿಸಿದೆ, 32. ಮಡಚುವ ಹಲಗೆ ಇರುವ ಕುರ್ಚಿಗಳು, ಅವುಗಳಲ್ಲಿ ಅರ್ಧಕ್ಕೆ ಹಲಗೆಯೇ ಇಲ್ಲ, ತೊಡೆ ಮೇಲೆ ಇಟ್ಟುಕೊಂಡು ಬರೆಯಬೇಕು. ಫ್ಯಾನು ಎರಡು, ತಿರುಗುವುದು ಒಂದು. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು ಗೊತ್ತಲ್ಲ, ಸಂಜೆ ಆರೂವರೆಗೂ ಆರ್‌ಸಿಸಿ ಬಿಸಿ ಹೆಂಚಿನ ಹಾಗೆ ಇರುತ್ತದೆ.

ಅದಕ್ಕಿಂತ ದೊಡ್ಡ ದೂರು ಅವರು ಕೊಡುವ ನೋಟ್ಸ್ ಬಗ್ಗೆ. ಸ್ಪೈರಲ್ ಬೈಂಡಿಂಗ್ ಮಾಡಿದ ಜೆರಾಕ್ಸ್ ಪುಸ್ತಕ, ಅದಕ್ಕೆ ಬೇರೆ 350 ರೂಪಾಯಿ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಆ ಕನ್ನಡ ಓದಿದರೆ ಗತಿ ದೇವರೇ. ‘ಇಟ್ ಈಸ್ ರೇನಿಂಗ್’ ಎದುರಿಗೆ ‘ಅದು ಮಳೆ ಸುರಿಯುತ್ತಿದೆ’. ‘ವೆನ್ ಇಟ್ ಈಸ್ ಫೈವ್ ಓ ಕ್ಲಾಕ್’ ಎದುರಿಗೆ ‘ಯಾವಾಗ ಅದು ಐದು ಗಂಟೆ ಆಗಿರುತ್ತದೆಯೋ’. ‘ಬಿಕಾಸ್ ಇಟ್ ಈಸ್ ಸಂಡೇ’ಗೆ ‘ಏಕೆಂದರೆ ಅದು ಭಾನುವಾರ ಆಗಿದೆ’. ಯಾರು ಮಾತಾಡುತ್ತಾರೆ ಈ ಕನ್ನಡ? ನಮ್ಮಜ್ಜಿ ಕೇಳಿದ್ದರೆ ‘ಯಾವುದೋ ಅದು?’ ಅಂತ ಹಿಂದೆ ತಿರುಗಿ ನೋಡುತ್ತಿದ್ದಳು. ಮೇಷ್ಟ್ರು ಹಲಗೆ ಮೇಲೆ ಒಂದು ಗಂಟೆ ಕಷ್ಟಪಟ್ಟು ಇಟ್‌ಗೆ ಅರ್ಥವಿಲ್ಲ ಅಂತ ಹೇಳಿ ಹೋಗುತ್ತಾರೆ, ಈ ಪುಸ್ತಕ ಪುಟಪುಟಕ್ಕೂ ಅದಕ್ಕೆ ‘ಅದು’ ಅಂತ ಅರ್ಥ ಕೊಡುತ್ತದೆ. ಹಿಂದೆ ಕೂರುವ ಹುಡುಗರು ಪುಸ್ತಕವನ್ನೇ ಬಾಯಿಪಾಠ ಮಾಡುತ್ತಿದ್ದರು. ಅವರ ಕನ್ನಡವೂ ಹಾಳು, ಇಂಗ್ಲಿಷೂ ಬರಲಿಲ್ಲ. ಇದನ್ನು ಬರೆದವರು ಯಾರು ಅಂತ ಮೇಷ್ಟ್ರನ್ನು ಕೇಳಿದೆ. ‘ನನ್ನದಲ್ಲಪ್ಪ, ಆಫೀಸಿನದು’ ಅಂದು ಮಾತು ಮರೆಸಿದರು.

ಮಾತಾಡುವ ಕ್ಲಾಸಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ‘ಮೈಸೆಲ್ಫ್’ ಅಂತ ಶುರು ಮಾಡಿ ಊರು, ಹವ್ಯಾಸ, ಗುರಿ ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಕೂರುವುದು, ವಾರ ವಾರವೂ ಅದೇ. ಕೊನೇ ವಾರ ಅದನ್ನೂ ಹೇಳದೆ ಕೇಳದೆ ರದ್ದು ಮಾಡಿದರು. ಬದಲಿ ಕ್ಲಾಸ್ ಕೇಳಿದರೆ ಮುಂದಿನ ಬ್ಯಾಚಲ್ಲಿ ಕೂತ್ಕೊಳ್ಳಿ ಅಂದರು, ಮುಂದಿನ ಬ್ಯಾಚ್ ಬೆಳಗ್ಗೆ ಹತ್ತಕ್ಕೆ. ಬೆಳಗ್ಗೆ ಹತ್ತಕ್ಕೆ ಯಾವ ಗುಮಾಸ್ತ ಬರುತ್ತಾನೆ? ಸರ್ಟಿಫಿಕೇಟ್ ಬೇಕಾದರೆ ಇನ್ನೂ 300 ಕೊಡಬೇಕು ಅಂತ ಕೊನೇ ದಿನ ಹೇಳಿದ್ದು, ಬೋರ್ಡಿನಲ್ಲಿ ‘ಉಚಿತ’ ಅಂತ ಇದೆ. ನಾನು ತೆಗೆದುಕೊಳ್ಳಲಿಲ್ಲ. ನರ್ಸ್ ಅಕ್ಕ ತೆಗೆದುಕೊಂಡರು, ಅವರಿಗೆ ಹೊರದೇಶದ ಅರ್ಜಿಗೆ ಬೇಕಿತ್ತಂತೆ. ಅದರಲ್ಲಿ ಅವರ ಹೆಸರೇ ತಪ್ಪು ಮುದ್ರಿಸಿದ್ದರು, ತಿದ್ದಿಸಲು ಮೂರು ಸಲ ಓಡಾಡಿದರು.

ಹೋಗಬೇಕಾ ಬೇಡವಾ? ಬರೆಯುವ ಕೆಲಸ ಇರುವವರು, ಅಂದರೆ ನನ್ನ ಹಾಗೆ ಮೇಲ್ ಹಾಕುವವರು, ಆಸ್ಪತ್ರೆಯಲ್ಲಿ ರಿಪೋರ್ಟ್ ಬರೆಯುವವರು, ಪರೀಕ್ಷೆಗೆ ಓದುವವರು, ಆ ಮೇಷ್ಟ್ರು ಇರುವವರೆಗೂ ಕಣ್ಣುಮುಚ್ಚಿ ಹೋಗಬಹುದು. ಬರೀ ಗ್ರಾಮರ್‌ಗೆ ಸೇರುತ್ತೇನೆ ಅಂತ ಪಟ್ಟು ಹಿಡಿದರೆ ಫೀಸು 2,500ಕ್ಕೆ ಇಳಿಸುತ್ತಾರೆ, ಬೋರ್ಡಿನಲ್ಲಿ ಇದನ್ನು ಹಾಕಿಲ್ಲ, ನನಗೂ ತಡವಾಗಿ ಗೊತ್ತಾಯಿತು. ನೋಟ್ಸ್ ಬೇಡ ಅನ್ನಿ, ಒಂದು ಇನ್ನೂರು ಪುಟದ ಬುಕ್ ತೆಗೆದುಕೊಂಡು ಹೋಗಿ, ಹಲಗೆ ಮೇಲಿನದನ್ನು ಬರೆದುಕೊಳ್ಳಿ. ಮಾತಾಡಲು ಕಲಿಯಬೇಕು ಅನ್ನುವವರು ಬೇರೆ ಕಡೆ ನೋಡಿಕೊಳ್ಳಿ. ಮೇಷ್ಟ್ರಿಗೆ ಐದಕ್ಕೆ ನಾಲ್ಕೂವರೆ, ಕ್ಲಾಸಿಗೆ ಎರಡು. ಕೂಡಿಸಿ ಭಾಗಿಸುವುದು ನಿಮಗೆ ಬಿಟ್ಟದ್ದು, ನಾನು ಸಂಬಳಕ್ಕೆ ಮಾತ್ರ ಲೆಕ್ಕ ಮಾಡುತ್ತೇನೆ.

ಗಾಡಿ ನಿಲ್ಲಿಸಲು ಜಾಗ ಇಲ್ಲ, ರಸ್ತೆಯಾಚೆ ನಿಲ್ಲಿಸಬೇಕು. ಬೇಗ ಹೋದರೆ ಮೂರನೇ ಸಾಲಿನ ಎಡಗಡೆ ಕೂತುಕೊಳ್ಳಿ, ತಿರುಗುವ ಫ್ಯಾನು ಅಲ್ಲೇ ಇರುವುದು. ಏಳೂವರೆಗೆ ಇಳಿದರೆ ಮೂಲೆಯಲ್ಲಿ ಮಂಡಕ್ಕಿ ಮಿರ್ಚಿ ಗಾಡಿ ಇರುತ್ತದೆ, ಮಿರ್ಚಿ ಆಗತಾನೇ ಎಣ್ಣೆಯಿಂದ ತೆಗೆಯುತ್ತಿರುತ್ತಾನೆ. ನಾವು ಮೂರ್ನಾಲ್ಕು ಜನ ದಿನಾ ಅಲ್ಲಿ ನಿಂತು, ಬ್ಯಾಂಕ್ ಹುಡುಗ ‘ಸಿನ್ಸ್ ಇಟ್ ಈಸ್ ಫ್ರೈಡೇ, ಟೂ ಮಿರ್ಚಿ ಎಕ್ಸ್‌ಟ್ರಾ’ ಅಂತ ಆರ್ಡರ್ ಮಾಡುವುದು, ಗಾಡಿಯಣ್ಣ ‘ಕನ್ನಡದಾಗ ಹೇಳ್ರಿ, ಎಷ್ಟು?’ ಅನ್ನುವುದು ನಡೆದೇ ಇತ್ತು.

ಹೋದ ಅಮಾವಾಸ್ಯೆಗೆ ಮೇಲ್ ಹಾಕಿದೆ: ‘ಸಿನ್ಸ್ ಇಟ್ ಈಸ್ ಅಮಾವಾಸ್ಯೆ ಟುಡೇ, ದೇರ್ ಈಸ್ ನೋ ಲೋಡಿಂಗ್. ವಿ ವಿಲ್ ಲೋಡ್ ಟುಮಾರೋ.’ ಇಟ್ ಒಂದು, ದೇರ್ ಒಂದು, ಎರಡೂ ಅವುಗಳ ಜಾಗದಲ್ಲಿ. ಕಳಿಸುವ ಮುಂಚೆ ಮೂರು ಸಲ ಓದಿದೆ. ಹತ್ತು ನಿಮಿಷಕ್ಕೆ ಆ ಕಡೆಯಿಂದ ಉತ್ತರ ಬಂತು: ‘ಓಕೆ ಸಾರ್. ಬಿಕಾಸ್ ಪೊಂಗಲ್, ಪೇಮೆಂಟ್ ಲೇಟ್.’